ಸೋಯ್ಲಾಳ ಪಾಲಿನ ಚೆಂಡು

ನಮ್ಮೂರಿನ ಮೈದಾನದಲ್ಲಿ ನನ್ನ ಅಮ್ಮ ಸೋಯ್ಲಾಳ ಜಾಗ ಮೂರನೇ ಬೇಸಿನ ಬದಿಗಿತ್ತು, ಕಂಬದ ಪಕ್ಕದ ಸಿಮೆಂಟು ಮೆಟ್ಟಿಲಲ್ಲಿ. ಕಂಬ ಅಡ್ಡ ಬಂದು ಮೈದಾನದ ಬಲಬದಿ ಅರ್ಧಕ್ಕರ್ಧ ಕಾಣುತ್ತಿರಲಿಲ್ಲ. ಆದರೂ ಅಮ್ಮ ಅಲ್ಲೇ ಕೂರುತ್ತಿದ್ದಳು. ಹೊತ್ತು ಇಳಿಯುತ್ತಿದ್ದ ಹಾಗೆ ಕಂಬದ ನೆರಳು ಸರಿಯಾಗಿ ಅವಳ ಮಡಿಲ ಮೇಲೆ ಬೀಳುತ್ತಿತ್ತು, ಆ ಮಡಿಲಲ್ಲಿ ನಾನು ಮಲಗಿರುತ್ತಿದ್ದೆ. ಬಲಗಡೆ ಏನಾಯಿತು ಎನ್ನುವುದನ್ನು ಅಪ್ಪ ಹೇಳಬೇಕಿತ್ತು.

"ಹಿಡಿದ್ನಾ?"

"ಬಿಟ್ಟ."

"ಯಾರು, ಆ ಕೊಕ್ಕರೆ ಕಾಲಿನವನಾ?"

"ಅವನೇ."

"ನಿನ್ನೆ ಮದುವೆ ಮನೇಲಿ ಬೆಳಗಾಗೋವರೆಗೂ ಕುಣೀತಿದ್ದ. ನಾನು ಆಗ್ಲೇ ಹೇಳ್ಲಿಲ್ವಾ, ನಾಳೆ ಇವನ ಕಾಲು ಓಡಲ್ಲ ಅಂತ?"

ಹೀಗೆ, ಅಮ್ಮ ಮುಕ್ಕಾಲು ಆಟ ನೋಡಿ, ಕಾಲು ಆಟ ಕೇಳಿ, ಪೂರ್ತಿ ಆಟದ ಮೇಲೆ ತೀರ್ಪು ಕೊಡುತ್ತಿದ್ದಳು. ಕ್ಯೂಬಾದಲ್ಲಿ ಆಟ ಅಂದರೆ ಬೇಸ್‌ಬಾಲೇ, ಬೇರೆ ಹೆಸರು ಹೇಳುವ ಅಗತ್ಯವಿಲ್ಲ. ಗಂಡಸರು ಚೌಕದ ಬೆಂಚುಗಳ ಮೇಲೆ ಕೂತು ಅದರ ಬಗ್ಗೆ ಜಗಳವಾಡುತ್ತಾರೆ. ನಮ್ಮ ಮನೆಯಲ್ಲಿ ಆ ಜಗಳ ಅಡುಗೆ ಒಲೆಯ ಮುಂದೆ ನಡೆಯುತ್ತಿತ್ತು, ಗೆಲ್ಲುತ್ತಿದ್ದವಳು ಅಮ್ಮ.

ನನ್ನ ಅಭಿಪ್ರಾಯಗಳೆಲ್ಲ ಅವಳಿಂದ ಬಂದವು. ಅಲ್ಯೂಮಿನಿಯಮ್ ಬ್ಯಾಟು ಬಂದ ಕಾಲದಲ್ಲಿ ಅವಳು, "ಇದೇನು, ತಪ್ಪಲೆ ಬಡಿದ ಹಾಗೆ ಸದ್ದು! ಮನೇಲಿ ಸಾಲದು ಅಂತ ಇಲ್ಲೂ ಕೇಳ್ಬೇಕಾ?" ಎಂದು ಗೊಣಗಿದ್ದಳು. ಈಗ ಮರದ ಬ್ಯಾಟು ಮತ್ತೆ ಬಂದಿದೆ, ಅದರ ಸದ್ದು ಕೇಳಿದಾಗಲೆಲ್ಲ ಅವಳಿಗೆ ಹೇಳಬೇಕು ಅನಿಸುತ್ತದೆ. ಬ್ಯಾಟ್ಸ್‌ಮನ್ನನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾನಲ್ಲ, ಕ್ಯಾಚರ್, ತಂಡದಲ್ಲಿ ಎಲ್ಲರಿಗಿಂತ ಬುದ್ಧಿ ಇರಬೇಕಾದವನು ಅವನೇ ಎನ್ನುವುದೂ ಅವಳ ಮಾತೇ. ಉಳಿದವರೆಲ್ಲ ಅವನ ಕಡೆ ಮುಖ ಮಾಡಿ ನಿಂತಿರುತ್ತಾರೆ, ಅವನೊಬ್ಬನೇ ಎಲ್ಲರ ಮುಖ ನೋಡುತ್ತಾನೆ. ಯಾರಿಗೆ ಸುಸ್ತಾಗಿದೆ, ಯಾರು ಸಿಟ್ಟಾಗಿದ್ದಾನೆ, ಯಾರ ಮನಸ್ಸು ಇಲ್ಲಿಲ್ಲ ಎಂದು ಅವನಿಗೆ ಗೊತ್ತಿರುತ್ತದೆ. ನನಗೆ ಮಕ್ಕಳಾಗಿ, ಊಟಕ್ಕೆ ಬಡಿಸುತ್ತ ನಿಂತು ಒಬ್ಬೊಬ್ಬರ ಮುಖ ನೋಡುವಾಗ ಆ ಮಾತು ಅರ್ಥವಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಇಷ್ಟವಾಗಿದ್ದದ್ದು ತಟ್ಟು ಹೊಡೆತ. ಬ್ಯಾಟು ಬೀಸುವುದಿಲ್ಲ, ಅಡ್ಡ ಹಿಡಿದು ಚೆಂಡಿಗೆ ಸುಮ್ಮನೆ ಒಂದು ಜಾಗ ತೋರಿಸುತ್ತಾರೆ. ಹೊಡೆದವನು ಔಟಾಗುತ್ತಾನೆ, ಆದರೆ ಅವನಿಗಿಂತ ಮುಂಚೆ ಓಡಿ ನಿಂತವನು ಒಂದು ಬೇಸು, ಅಂದರೆ ಒಂದು ನಿಲ್ದಾಣ, ಮುಂದಕ್ಕೆ ದಾಟುತ್ತಾನೆ. ಎಲ್ಲರೂ ಗೋಡೆ ದಾಟುವ ಹೋಮ್ ರನ್ನಿಗೆ ಎದ್ದು ಕುಣಿದರೆ ಅಮ್ಮ ತಟ್ಟು ಹೊಡೆತಕ್ಕೆ ಎದ್ದು ನಿಲ್ಲುತ್ತಿದ್ದಳು. ಇವತ್ತಿಗೂ ನಾನು ಹಾಗೆಯೇ. ನನ್ನ ಮಗಳು ದಾಯ್ಮಾ, "ಅಮ್ಮಾ, ಕೂತ್ಕೋ, ಎಲ್ಲಾ ನೋಡ್ತಿದಾರೆ" ಎಂದು ನನ್ನ ಲಂಗ ಜಗ್ಗುತ್ತಾಳೆ.

ಅಮ್ಮನಿಗೆ ಒಂದೇ ಒಂದು ಆಸೆ ತೀರದೆ ಉಳಿದಿತ್ತು. ಗೆರೆಯಾಚೆ ಹಾರಿ ಜನರ ನಡುವೆ ಬೀಳುವ ಚೆಂಡು ಒಮ್ಮೆಯಾದರೂ ಅವಳ ಕೈಗೆ ಬರಬೇಕು. ಅದನ್ನು ಇಟ್ಟುಕೊಳ್ಳುವುದಕ್ಕಲ್ಲ. ಬೇರೆ ದೇಶಗಳಲ್ಲಿ ಹಿಡಿದವರು ಮನೆಗೆ ಒಯ್ಯುತ್ತಾರಂತೆ. ನಮ್ಮಲ್ಲಿ ಚೆಂಡುಗಳ ಬಡತನ. ಬಿದ್ದ ಚೆಂಡನ್ನು ಹಿಡಿದವರು ವಾಪಸು ಎಸೆಯಬೇಕು. ಆ ಎಸೆತದ ಸಲುವಾಗಿಯೇ ಜನ ಕಾಯುತ್ತಾರೆ. ಒಂದು ಗಳಿಗೆ ಆಟಗಾರರು ನಿಂತಿರುತ್ತಾರೆ, ಇಡೀ ಊರು ನಿಮ್ಮನ್ನು ನೋಡುತ್ತದೆ. ಚೆನ್ನಾಗಿ ಎಸೆದರೆ ಚಪ್ಪಾಳೆ, ಚೆಂಡು ಮಧ್ಯದಲ್ಲೇ ಬಿದ್ದರೆ ಹುಯ್ಯಲು, ಸೀಟಿ, ನಿಮ್ಮ ಅಜ್ಜನವರೆಗೂ ಹೋಗುವ ಗೇಲಿ. ಅಮ್ಮ ಹಿತ್ತಲಲ್ಲಿ ಬಟ್ಟೆ ಹರವುವಾಗ ಒದ್ದೆ ಕಾಲುಚೀಲ ಉಂಡೆ ಮಾಡಿ ಮಾವಿನ ಮರಕ್ಕೆ ಎಸೆದು ಅಭ್ಯಾಸ ಮಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಆದರೆ ಚೆಂಡು ಅವಳ ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು, ಒಮ್ಮೆ ಕಂಬಕ್ಕೇ ಬಡಿದು ಆಚೆ ಹೋಯಿತು. ಅವಳ ಮಡಿಲಿಗೆ ಬರಲಿಲ್ಲ.

ಅಮ್ಮ ತೀರಿಕೊಂಡದ್ದು ಕೊರತೆಯ ವರ್ಷಗಳಲ್ಲಿ. ಪೆಟ್ರೋಲಿಲ್ಲ, ಸೋಪಿಲ್ಲ, ದೀಪಕ್ಕೆ ಕರೆಂಟಿಲ್ಲ. ಅದಕ್ಕೇ ಆಟಗಳು ಮಧ್ಯಾಹ್ನದ ಬಿಸಿಲಲ್ಲಿ ನಡೆಯುತ್ತಿದ್ದವು. ಅವಳ ಪೆಟ್ಟಿಗೆಯ ಹಿಂದೆ ಸ್ಮಶಾನದವರೆಗೆ ನಡೆದು ಬಂದ ಅಪ್ಪ, ಮನೆಯೊಳಗೆ ಕಾಲಿಟ್ಟವನು ಮತ್ತೆ ಹೊಸ್ತಿಲು ದಾಟಲಿಲ್ಲ. ಮೈದಾನ ನಮ್ಮ ಮನೆಯಿಂದ ಮೂರು ಬೀದಿ ಆಚೆ. ಕಿಟಕಿಯ ಬಾಗಿಲು ಮುಚ್ಚಿ, ತೂಗುಕುರ್ಚಿಯನ್ನು ರೇಡಿಯೋ ಪಕ್ಕಕ್ಕೆ ಎಳೆದುಕೊಂಡು ಕೂತುಬಿಟ್ಟ. ಕಿಟಕಿ ಮುಚ್ಚಿದರೂ ಜನರ ಕೂಗು ಕೇಳುತ್ತಿತ್ತು. ಮೊದಲು ಕೂಗು, ಆಮೇಲೆ ರೇಡಿಯೋದಲ್ಲಿ ರಿಗೊಬೆರ್ತೊನ ದನಿ. ರಿಗೊಬೆರ್ತೊ ಊರ ರೇಡಿಯೋದ ವಿವರಣೆಗಾರ, ಅಪ್ಪನ ಜೊತೆ ಶಾಲೆಯಲ್ಲಿ ಓದಿದವನು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಯಾವ ಅಭಿಪ್ರಾಯವನ್ನೂ ಹೇಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆಯಾಗುತ್ತಿದ್ದದ್ದು. ನಮ್ಮ ತಂಡ ಸೋತರೂ ಒಂದು ಬೈಗುಳವಿಲ್ಲ. ಬಡಿಸಿದ್ದನ್ನು ಅರ್ಧ ತಿಂದು ತಟ್ಟೆ ಸರಿಸುತ್ತಿದ್ದ.

ಪಕ್ಕದ ಮನೆಯ ಲಾಲಾ ಅತ್ತೆ ಗೋಡೆಯ ಮೇಲಿಂದ ಕತ್ತು ಚಾಚಿ ಪ್ರಯತ್ನಿಸುತ್ತಿದ್ದಳು. "ಎವೇಲಿಯೊ, ಗೆದ್ದಲು ಹಿಡಿಯುತ್ತೆ ನಿನಗೆ. ಕುರ್ಚೀನೂ ನೀನೂ ಒಂದೇ ಸಲ ಪುಡಿಯಾಗ್ತೀರಿ."

"ಹಿಡೀಲಿ ಬಿಡು."

ಅಷ್ಟೇ ಉತ್ತರ.

ಓವಿದಿಯೊ ನನ್ನನ್ನು ಮದುವೆಯಾಗಲು ಕೇಳಿದ್ದು ಆ ವರ್ಷವೇ. ಅವನದು ಊರಾಚೆ ರೈಲು ನಿಲ್ದಾಣದ ಹತ್ತಿರ ಸೈಕಲ್ ಪಂಕ್ಚರ್ ಅಂಗಡಿ, ಮನೆಯ ತಾರಸಿ ತುಂಬ ಪಾರಿವಾಳ. ಒಳ್ಳೆಯವನು, ನಿಧಾನಸ್ಥ. ಒಂದೇ ಕೊರತೆ: ಆಟದ ಗಂಧಗಾಳಿ ಇಲ್ಲ. ಕ್ಯೂಬಾದಲ್ಲಿ ಹುಟ್ಟಿ ಅದು ಹೇಗೆ ಸಾಧ್ಯ ಎಂದರೆ, ಚಿಕ್ಕಂದಿನಿಂದಲೂ ಅವನು ಆಕಾಶವನ್ನೇ ನೋಡುತ್ತಿದ್ದವನು. ಮೈದಾನದ ಮೇಲೆ ಹಕ್ಕಿ ಹಾರಿದರೆ ಹಕ್ಕಿ ನೋಡುತ್ತಿದ್ದ, ಕೆಳಗೆ ಏನು ನಡೆಯುತ್ತಿದೆ ಎನ್ನುವುದು ಬೇಕಿರಲಿಲ್ಲ.

"ಅಪ್ಪನನ್ನ ಹೀಗೆ ಕತ್ತಲೇಲಿ ಕೂರಿಸಿ ನಾನು ನಿನ್ನ ಮನೆಗೆ ಬರಲ್ಲ. ಅವನು ಎದ್ದು ಹೊರಗೆ ನಡೀಲಿ, ಆಮೇಲೆ ಮಾತು," ಎಂದೆ.

"ಎಷ್ಟು ದಿನ ಆಗ್ಬಹುದು?"

"ಗೊತ್ತಿಲ್ಲ."

"ಹೂಂ," ಎಂದ. ಕೋಪ ಮಾಡಿಕೊಳ್ಳಲಿಲ್ಲ. ಪಾರಿವಾಳ ಸಾಕುವವರಿಗೆ ಕಾಯುವುದು ಗೊತ್ತು.

ಮರುದಿನದಿಂದ ಸಂಜೆ ಅಪ್ಪನ ಎದುರು ಬಂದು ಕೂರತೊಡಗಿದ. ಅಪ್ಪನಿಗೆ ಅವನ ಬಗ್ಗೆ ದ್ವೇಷವೇನಿರಲಿಲ್ಲ, ಮಾತಾಡಲು ವಿಷಯವೇ ಇರಲಿಲ್ಲ. ಒಂದು ಸಂಜೆ ಮಾತ್ರ, ಏಕೋ, ಅಪ್ಪ ತಾನಾಗಿ ಬಾಯಿಬಿಟ್ಟ. "ಇಷ್ಟು ವರ್ಷ ಆ ಕಂಬದ ಪಕ್ಕ ಕೂತ್ಲು ಕಣಪ್ಪ. ಒಂದೇ ಒಂದು ಚೆಂಡು ಅವಳ ಮಡಿಲಿಗೆ ಬರ್ಲಿಲ್ಲ. ಒಂದೇ ಒಂದು ಬಂದಿದ್ರೆ..." ಅಲ್ಲಿಗೆ ಮುಖ ತಿರುಗಿಸಿ ರೇಡಿಯೋದ ದನಿ ಏರಿಸಿದ. ಉಳಿದದ್ದನ್ನು ಹೇಳಲಿಲ್ಲ. ಓವಿದಿಯೊ ತಲೆಯಾಡಿಸಿದ, ಎಲ್ಲ ತಿಳಿದವನ ಹಾಗೆ.

ಅದಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ಓವಿದಿಯೊ ಹೊಸ ಅಂಗಿ ಹಾಕಿಕೊಂಡು ಬಂದ. ಹೊಸದೆಂದರೆ ನಾನು ಹೊಲಿದು ಕೊಟ್ಟದ್ದು: ಹಸಿರು ಬಟ್ಟೆ ಜೇಬಿಗೆ ಸಾಲದೆ, ನಮ್ಮ ಅಡುಗೆಮನೆಯ ಪರದೆಯ ಅಂಚು ಕತ್ತರಿಸಿ ಜೇಬು ಇಟ್ಟಿದ್ದೆ. ದೊಡ್ಡ ದೊಡ್ಡ ಕೆಂಪು ಹೂವು.

"ಇವತ್ತು ಆಟಕ್ಕೆ ಹೋಗ್ತೀನಿ, ನೆರೇಯ್ದಾ," ಎಂದ ಮೆಲ್ಲಗೆ. "ನೋಡ್ಕೊಂಡು ಬಂದ್ರೆ ನಿಮ್ಮಪ್ಪನ ಹತ್ರ ಮಾತಾಡೋಕೆ ಏನಾದ್ರೂ ಸಿಗುತ್ತೆ."

"ಆಕಾಶ ನೋಡ್ಬೇಡ. ಕೆಳಗೆ ನೋಡು."

"ನೋಡ್ತೀನಿ."

ಮಧ್ಯಾಹ್ನ ಪುಣ್ಯಕ್ಕೆ ಕರೆಂಟಿತ್ತು. ಕಪ್ಪು ಕಾಳು ಒಲೆಯ ಮೇಲೆ ಬೇಯುತ್ತಿತ್ತು, ನಾನು ಮೊರದಲ್ಲಿ ಅಕ್ಕಿ ಆರಿಸುತ್ತ ಅಪ್ಪನ ಎದುರು ಕೂತಿದ್ದೆ. ಎಂಟನೇ ಇನ್ನಿಂಗ್ಸ್, ಎರಡೂ ಕಡೆ ಸಮ. ನಮ್ಮವನೊಬ್ಬ ಎರಡನೇ ಬೇಸಿನಲ್ಲಿದ್ದ, ಇನ್ನೂ ಯಾರೂ ಔಟಾಗಿರಲಿಲ್ಲ. ರಿಗೊಬೆರ್ತೊನ ಗಂಟಲು ಆಗಲೇ ಒಡೆದಿತ್ತು.

"ಮಹಾಜನಗಳೇ, ಬಲಗಡೆ ಗೋಡೆ ದಾಟಿ ಸಕ್ಕರೆ ಕಾರ್ಖಾನೆ ಹೊಂಡಕ್ಕೆ ಬಿದ್ದ ಚೆಂಡು ಇನ್ನೂ ಸಿಕ್ಕಿಲ್ಲ. ಪೆಟ್ಟಿಗೇಲಿ ಬೇರೆ ಚೆಂಡಿಲ್ಲ ಅಂತ ಅಂಪೈರ್ ಹೇಳ್ತಿದಾರೆ. ಈಗ ಚೆಂಡೆಸೆಯೋ ಪಿಚರ್ ಕೈಯಲ್ಲಿರೋದೇ ಕೊನೇದು. ದಯವಿಟ್ಟು ಅದನ್ನ ಜೋಪಾನವಾಗಿ ಹೊಡೀರಪ್ಪ!"

ಟಣ್ ಎಂಬ ಸದ್ದು ರೇಡಿಯೋದಲ್ಲಿ. ಹೊರಗೆ ಜನರ ಕೂಗು.

"ಗೆರೆಯಾಚೆ! ಮೇಲೆ... ಮೇಲೆ... ಮೂರನೇ ಬೇಸಿನ ಕಡೆ ಜನರ ಮೇಲೆ ಬರ್ತಿದೆ... ಕಂಬದ ಹತ್ರ ಒಬ್ಬ ಎದ್ದ... ಎರಡೂ ಕೈ ಎತ್ತಿದ... ಅಬ್ಬಾ! ಏನ್ ಚೆಂದ ಹಿಡಿದ ಸ್ವಾಮಿ! ಪಾರಿವಾಳ ಹಿಡಿದ ಹಾಗೆ ಹಿಡಿದ!"

ಮೊರದ ಮೇಲೆ ನನ್ನ ಬೆರಳು ನಿಂತಿತು.

"ಕಂಬದ ಹತ್ರ?" ಅಪ್ಪ ಕಣ್ಣು ತೆರೆದ. "ಯಾವ ಕಂಬ?"

"ಎಸಿ! ಎಸಿ!" ಎಂದು ಮೈದಾನ ಕೂಗುವುದು ಮುಚ್ಚಿದ ಕಿಟಕಿಯಿಂದಲೂ ಕೇಳುತ್ತಿತ್ತು. ಆಮೇಲೆ ಕೂಗು ಬೇರೆ ತರಹವಾಯಿತು.

"ಎಸೀತಿಲ್ಲ, ಮಹಾಜನಗಳೇ. ಮೆಟ್ಟಿಲು ಇಳೀತಿದಾನೆ. ಕೆಳಗಿಂದ ಎಸೀತಾನೇನೋ... ಇಲ್ಲ... ಬಾಗಿಲ ಕಡೆ... ಅಯ್ಯಯ್ಯೋ, ಚೆಂಡು ತಗೊಂಡು ಹೊರಟೇಬಿಟ್ನಪ್ಪಾ! ಸೈಕಲ್ ಹತ್ತಿದ! ಹಸಿರು ಅಂಗಿ, ಹೂವಿನ ಜೇಬು! ಕಂಡವರು ಹಿಡೀರಿ!"

ಅಪ್ಪನ ತಲೆಯ ಹಿಂದೆಯೇ ಅಡುಗೆಮನೆಯ ಪರದೆ ತೂಗುತ್ತಿತ್ತು. ಕೆಂಪು ಹೂವು, ಒಂದು ಅಂಚು ಗಿಡ್ಡ. ನಾನು ಎದ್ದು ಅದರ ಮುಂದೆ ನಿಂತೆ.

ಅಪ್ಪ ಕುರ್ಚಿಯ ಕೈ ಬಡಿದ. ಎಷ್ಟೋ ತಿಂಗಳ ನಂತರ ಅವನ ಕತ್ತಿನ ನರ ಉಬ್ಬಿದ್ದು ಕಂಡೆ. "ಅವನ ಕೈಗೆ ಲಕ್ವ ಹೊಡೀಲಿ! ಕೊನೇ ಚೆಂಡು ಕಣೇ! ಆಟ ನಡೀತಿರೋವಾಗ ಚೆಂಡು ಹೊತ್ಕೊಂಡು ಹೋಗೋನು ಮನುಷ್ಯನಾ?"

"ಅಪ್ಪಾ, ಹಾಗೆಲ್ಲ ಅನ್ಬೇಡ."

"ಯಾಕನ್ಬಾರ್ದು? ನಿನಗೇನು ನೆಂಟನಾ ಅವನು?"

ಗೋಡೆಯಾಚೆಯಿಂದ ಲಾಲಾ ಅತ್ತೆ, "ಎವೇಲಿಯೊ! ಕೇಳಿಸ್ಕೊಂಡ್ಯಾ? ಎದುರು ತಂಡದೋರೇ ಕಳಿಸಿರೋದು ಅವನನ್ನ. ನಮ್ಮೂರೋನು ಯಾವನೂ ಇಂಥ ಕೆಲ್ಸ ಮಾಡಲ್ಲ!"

"ಮಾಡೋದೇ ಇಲ್ಲ!" ಎಂದು ಅಪ್ಪ ಗೋಡೆಗೆ ಕೂಗಿ ಉತ್ತರ ಕೊಟ್ಟ. "ಇಂಥವನಿಗೆ ಈ ಊರಲ್ಲಿ ಯಾರು ಹೆಣ್ಣು ಕೊಡ್ತಾರೆ, ಹೇಳು!"

ಆಗ ಅಂಗಳದಲ್ಲಿ ಸೈಕಲ್ ಗಂಟೆ ಕೇಳಿಸಿತು.

ನಾನು ಬಾಗಿಲಿಗೆ ಓಡುವ ಮುಂಚೆಯೇ ಓವಿದಿಯೊ ಒಳಗೆ ಬಂದಿದ್ದ. ಬೆವರಿನಿಂದ ಅಂಗಿ ಮೈಗಂಟಿತ್ತು, ಹೂವಿನ ಜೇಬು ಉಬ್ಬಿತ್ತು. ಅಂಥ ಸಂತೋಷ ಅವನ ಮುಖದಲ್ಲಿ ಆಮೇಲೆ ನಾನು ಕಂಡದ್ದು ದಾಯ್ಮಾ ಹುಟ್ಟಿದ ದಿನ ಮಾತ್ರ. ಎರಡೂ ಕೈಯಿಂದ ಚೆಂಡು ತೆಗೆದು ಅಪ್ಪನ ಮುಂದೆ ಹಿಡಿದ.

"ಯಜಮಾನ್ರೇ, ಸೋಯ್ಲಮ್ಮನ ಚೆಂಡು. ತಂದಿದೀನಿ."

ಅಪ್ಪ ಜೇಬು ನೋಡಿದ, ಪರದೆ ನೋಡಿದ, ಚೆಂಡು ನೋಡಿದ, ಕೊನೆಗೆ ನನ್ನನ್ನು ನೋಡಿದ. ರೇಡಿಯೋ, "ಇನ್ನೂ ಚೆಂಡಿಲ್ಲ, ಮಹಾಜನಗಳೇ" ಎಂದಿತು.

"ನೀನಾ?" ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಆಟ ನಿಲ್ಲಿಸಿ ಬಂದಿದೀಯಲ್ಲೋ ಪುಣ್ಯಾತ್ಮ!"

ಓವಿದಿಯೊನ ಮುಖ ಇಳಿಯಿತು. "ಅವರ ಜಾಗದಲ್ಲೇ ಕೂತಿದ್ದೆ. ನೇರ ಅಲ್ಲಿಗೇ ಬಂತು. ಅವರ ಮಡಿಲಿಗೆ ಬರ್ಲೇ ಇಲ್ಲ ಅಂದಿದ್ರಲ್ಲ ನೀವು... ಈಗ ಬಂತಲ್ಲ, ಮನೆಗೆ ತಲುಪಿಸೋಣ ಅಂತ..."

ಅಪ್ಪ ಕೈ ಚಾಚಿ ಚೆಂಡು ತೆಗೆದುಕೊಂಡ. ಸುಮ್ಮನೆ ಹಿಡಿದುಕೊಂಡ. ಹೆಬ್ಬೆರಳು ತಾನಾಗಿಯೇ ಹೊಲಿಗೆಯ ಮೇಲೆ ಓಡಾಡಿತು. ಅವನು ಅಳುತ್ತಾನೆ ಎಂದುಕೊಂಡೆ. ಅಳಲಿಲ್ಲ.

"ಇಟ್ಕೊಳ್ಳೋಕಲ್ಲ ಕಣೋ," ಎಂದ. "ಎಸೆಯೋಕೆ! ಅವಳಿಗೆ ಬೇಕಿದ್ದಿದ್ದು ಎಸೆಯೋದು. ಇಡೀ ಊರು ನೋಡ್ತಾ ಇರ್ಬೇಕು, ಅವಳು ಎಸೀಬೇಕು. ಅಷ್ಟೇ ಅವಳ ಆಸೆ."

ಓವಿದಿಯೊ ನೆಲ ನೋಡಿದ. "ನನಗೆ ಗೊತ್ತಿರ್ಲಿಲ್ಲ. ಈಗ್ಲೇ ಹೋಗಿ ಕೊಟ್ಟು ಬರ್ತೀನಿ."

"ನೀನಾ? ನಿನ್ನ ಕೈಗೆ ಕೊಟ್ರೆ ಇನ್ನು ಯಾರ ಮನೆಗೆ ತಗೊಂಡು ಹೋಗ್ತೀಯೋ!"

ರೇಡಿಯೋದಲ್ಲಿ ರಿಗೊಬೆರ್ತೊ ದನಿ ತಗ್ಗಿಸಿದ. "ಅಂಪೈರ್ ಗಡಿಯಾರ ನೋಡ್ತಿದಾರೆ. ಚೆಂಡು ಬರ್ದಿದ್ರೆ ಆಟ ನಾಳೆಗೆ ಹೋಗುತ್ತೆ ಅನ್ಸುತ್ತೆ. ನಮ್ಮ ಹುಡುಗರ ಕೈ ಈಗಷ್ಟೇ ಬಿಸಿಯಾಗಿತ್ತು, ಮಹಾಜನಗಳೇ..."

"ಸೈಕಲ್ ಎಲ್ಲಿ?" ಅಪ್ಪ ಎದ್ದ.

ಹೊಸ್ತಿಲವರೆಗೆ ದಡದಡ ನಡೆದವನು ಅಲ್ಲಿ ನಿಂತ. ಬನಿಯನ್ನು, ಮನೆಯ ಚಪ್ಪಲಿ, ಕೈಯಲ್ಲಿ ಚೆಂಡು. ಬಿಸಿಲು ಅವನ ಕಾಲ ಬೆರಳಿನವರೆಗೆ ಬಂದಿತ್ತು. ನಾನು ಏನಾದರೂ ಹೇಳಿದರೆ ತಿರುಗಿಬಿಡುತ್ತಾನೆ ಅನಿಸಿತು, ಹೇಳದಿದ್ದರೂ ತಿರುಗಿಬಿಡುತ್ತಾನೆ ಅನಿಸಿತು. ಮೈದಾನದಿಂದ ಜನ ತಾಳ ಹಾಕಿ ಕೂಗುವುದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು: "ಚೆಂಡು! ಚೆಂಡು! ಚೆಂಡು!"

"ಅಂಗಿ ಕೊಡೇ," ಎಂದ ಅಪ್ಪ, ತಿರುಗದೆ. "ಬನಿಯನ್ನಲ್ಲಿ ಹೋದ್ರೆ ನಿಮ್ಮಮ್ಮ ಬೈತಾಳೆ."

ಮೊಳೆಗೆ ನೇತುಹಾಕಿದ್ದ ಬಿಳಿ ಅಂಗಿ ಕೊಟ್ಟೆ. ಅವನು ಹೊಸ್ತಿಲು ದಾಟಿ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೂತ, ಒಂದು ತೋಳು ಅಂಗಿಯ ಒಳಗೆ, ಇನ್ನೊಂದು ಚೆಂಡು ಎತ್ತಿ ಹಿಡಿದುಕೊಂಡು ಹೊರಗೆ. ಓವಿದಿಯೊ ಎದ್ದು ನಿಂತು ಪೆಡಲು ತುಳಿದ. ಹಿಂದೆ ನಾನು, ಏಪ್ರನ್ ಬಿಚ್ಚುವುದಕ್ಕೂ ಪುರುಸೊತ್ತಿಲ್ಲದೆ ಓಡಿದೆ. ಲಾಲಾ ಅತ್ತೆ ಗೋಡೆಯ ಮೇಲಿಂದ ಬಾಯಿ ತೆರೆದು ನೋಡಿದಳು, ಆಮೇಲೆ ಜೇಬು ನೋಡಿದಳು. "ಓಹೋ!" ಎಂದಳು. "ಓಹೋಹೋ!" ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಆಗಲೇ ತಿಳಿಯಿತು.

ನಾನು ಮೈದಾನದ ಬಾಗಿಲು ಹೊಕ್ಕಾಗ ಜನ ಎದ್ದು ನಿಂತಿದ್ದರು. ಓವಿದಿಯೊನ ಜೇಬು ಕಂಡದ್ದೇ ತಡ, ಕಡಲೆಕಾಯಿ ಪೊಟ್ಟಣಗಳು ಅವನ ಮೇಲೆ ಹಾರಿಬಂದವು. "ಕಳ್ಳ! ಹೂವಿನ ಕಳ್ಳ! ಚಡ್ಡಿಗೂ ಪರದೆ ಬಟ್ಟೆನಾ?"

ಅಪ್ಪ ಅವನ ಮುಂದೆ ಬಂದು ನಿಂತ, ಚೆಂಡು ಎತ್ತಿದ.

"ಸಾಕು ಬಾಯಿ ಮುಚ್ರೋ! ಬೈಯೋದಾದ್ರೆ ನಾನು ಬೈತೀನಿ. ಇವನು ನಮ್ಮನೆ ಹುಡುಗ."

ಎತ್ತಿದ್ದ ಪೊಟ್ಟಣಗಳು ಕೈಯಲ್ಲೇ ಉಳಿದವು. ಓವಿದಿಯೊ ಅಪ್ಪನ ಬೆನ್ನ ಹಿಂದಿನಿಂದ ನನ್ನ ಕಡೆ ನೋಡಿದ, ಸರಿಯಾಗಿ ಕೇಳಿಸಿಕೊಂಡೆನೇ ಎನ್ನುವವನ ಹಾಗೆ. ನಾನು ತಲೆಯಾಡಿಸಿದೆ. ಮೇಲೆ ಗೂಡಿನಂಥ ಕೋಣೆಯಲ್ಲಿ ಕೂತಿದ್ದ ರಿಗೊಬೆರ್ತೊ ಮೈಕು ಮರೆತು ಬರೀ ಬಾಯಲ್ಲೇ ಕೂಗಿದ: "ಎವೇಲಿಯೊ! ಬದುಕಿದೀಯೇನೋ!"

ಮೂರನೇ ಬೇಸಿನ ಆಟಗಾರ ತಂತಿಬೇಲಿಯ ಹತ್ತಿರ ಬಂದು ಕೈ ಚಾಚಿದ. "ಇಲ್ಲಿಂದ್ಲೇ ಕೊಡಿ ಮಾವಾ, ಹೊತ್ತಾಗ್ತಿದೆ."

"ಬಿದ್ದ ಜಾಗದಿಂದ ಎಸೀಬೇಕು," ಎಂದ ಅಪ್ಪ.

ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಜನ ದಾರಿ ಬಿಟ್ಟರು. ಕಂಬದ ನೆರಳು ಅಮ್ಮನ ಜಾಗದ ಮೇಲೆ ಬಿದ್ದಿತ್ತು, ಎಂದಿನ ಹಾಗೆ. ಅಪ್ಪ ಅಲ್ಲಿ ನಿಂತು ಅಂಗಿಯ ಎರಡನೇ ತೋಳು ಹಾಕಿಕೊಂಡ, ಗುಂಡಿ ಹಾಕಿಕೊಂಡ. ಎಲ್ಲರೂ ಕಾದರು. ಎರಡೂ ತಂಡ, ಅಂಪೈರ್, ಹೊಂಡದಿಂದ ಮೇಲೆ ಬಂದ ಒದ್ದೆ ಹುಡುಗರು. ಅಮ್ಮ ಬಯಸಿದ್ದ ಗಳಿಗೆ ಅದೇ ಎಂದು ನನಗೆ ಅನಿಸಿತು, ಅವಳ ಪಾಲಿಗೆ ನಾನೂ ಕಣ್ಣು ಮಿಟುಕಿಸದೆ ನೋಡಿದೆ.

ಅಪ್ಪ ಕೈ ಹಿಂದಕ್ಕೆ ಒಯ್ದು ಎಸೆದ.

ಎಂಥ ಎಸೆತ ಅದು! ಕಳಿತ ಮಾವಿನಹಣ್ಣು ಉದುರಿದ ಹಾಗೆ ತಂತಿಬೇಲಿ ದಾಟಿದ್ದೇ ಹೆಚ್ಚು, ಆಚೆ ಬಿದ್ದು ಎರಡು ಉರುಳು ಉರುಳಿ ನಿಂತಿತು. ಕ್ಯಾಚರ್ ಅಷ್ಟು ದೂರದಿಂದ ನಡೆದು ಬಂದು ಹೆಕ್ಕಿಕೊಳ್ಳಬೇಕಾಯಿತು.

ಹೆಂಡತಿ ಸತ್ತವನು, ಪಾಪ, ಎಂದು ಜನ ಸುಮ್ಮನಾದರು. ಅಪ್ಪನ ಹೆಗಲು ಮೆಲ್ಲಗೆ ಕುಸಿಯುತ್ತಿರುವುದು ಕಂಡಿತು. ಈಗ ಯಾರಾದರೂ ಕನಿಕರದ ಚಪ್ಪಾಳೆ ತಟ್ಟಿದರೆ ಮುಗಿಯಿತು, ನೇರ ಮನೆಗೆ ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ ಎಂದು ಹೆದರಿದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕಡಲೆಕಾಯಿ ಮಾರುವವನು ಬಾಯಿಯ ಸುತ್ತ ಕೈ ಹಿಡಿದು ಕೂಗಿದ:

"ಎವೇಲಿಯೊ! ವರ್ಷವೆಲ್ಲಾ ಬರೀ ಗಂಜಿ ಕುಡಿದ್ಯೇನೋ? ಸೋಯ್ಲಾ ಆಗಿದ್ರೆ ನೇರ ಕ್ಯಾಚರ್ ಕೈಗೆ ಹಾಕ್ತಿದ್ಲು!"

ಮೈದಾನಕ್ಕೆ ಮೈದಾನವೇ ಹುಯ್ಯಲಿಟ್ಟಿತು. ಸೀಟಿ, ಗಂಟೆ, ತಪ್ಪಲೆ ಬಡಿತ. "ಮುದುಕಪ್ಪಾ, ಮನೆಗೆ ಹೋಗಿ ನೂಲು ಸುತ್ತು!" "ನಮ್ಮಜ್ಜಿ ಎಡಗೈಯಲ್ಲಿ ಎಸೀತಾಳೆ!" ಎಲ್ಲರಿಗೂ ಸಲ್ಲುವ ಗೇಲಿ ಅಪ್ಪನಿಗೂ ಸಂದಿತು, ಒಂದು ತೊಲ ಕಡಿಮೆಯಿಲ್ಲದೆ. ಅಪ್ಪ ಸೊಂಟದ ಮೇಲೆ ಕೈಯಿಟ್ಟು ಅತ್ತಿತ್ತ ನೋಡಿದ. ಆಮೇಲೆ ಹೊಟ್ಟೆಯಿಂದ ನಗು ಬಂತು. ಬಾಗಿ ಬಾಗಿ ನಕ್ಕ, ಕಂಬ ಹಿಡಿದುಕೊಂಡು ನಕ್ಕ. ಕ್ಯಾಚರ್ ಚೆಂಡನ್ನು ಪ್ಯಾಂಟಿಗೆ ಒರೆಸಿ, ಟೋಪಿ ಎತ್ತಿ ನಮಸ್ಕಾರ ಮಾಡಿ ಹೋದ. ಆಟ ಮುಂದುವರಿಯಿತು.

ಓವಿದಿಯೊ ಮೆಟ್ಟಿಲ ಅಂಚಿನಲ್ಲೇ ನಿಂತಿದ್ದ. ಅಪ್ಪ ಅವನ ಕಡೆ ತಿರುಗಿದ. "ಎಲ್ಲಿ ಕೂತಿದ್ದೆ ನೀನು?"

"ಅವರ ಜಾಗದಲ್ಲಿ. ತಪ್ಪಾಯ್ತು."

"ಅಲ್ಲೇ ಕೂತ್ಕೋ. ಬಲಗಡೆ ಏನಾಗುತ್ತೆ ಅಂತ ನಾನು ಹೇಳ್ತೀನಿ."

ಆ ಚೆಂಡಿನಲ್ಲೇ ನಮ್ಮ ಬ್ಯಾಟ್ಸ್‌ಮನ್ ಗಾಳಿಗೆ ಬೀಸಿ ಬೀಸಿ ಔಟಾದ. ಅಪ್ಪ ಎದ್ದು ನಿಂತ. "ತಟ್ಟೋ ಅಂತ ಹೇಳ್ಬಾರ್ದಿತ್ತಾ ಅವನಿಗೆ! ಎರಡನೇ ಬೇಸಲ್ಲಿ ಹುಡುಗ ಕಾಯ್ತಾ ನಿಂತಿದಾನೆ! ಇಂಥವನನ್ನ ತಂಡದ ಮುಖ್ಯಸ್ಥ ಮಾಡಿದವರು ಯಾರು? ಕೋಳಿ ಕಾಯೋಕೆ ಲಾಯಕ್ಕಿಲ್ಲ!" ಸುತ್ತಲಿನ ಗಂಡಸರು ಒಪ್ಪಿದರು, ಒಪ್ಪಲಿಲ್ಲ, ಜಗಳ ಶುರುವಾಯಿತು. ನಾನು ಅವನ ಇನ್ನೊಂದು ಪಕ್ಕ ಕೂತೆ.

"ಕಾಳು ಒಲೆ ಮೇಲೆ ಇಟ್ಟಿದ್ಯಲ್ಲೇ?" ಎಂದು ನಡುವೆ ನೆನಪು ಮಾಡಿಕೊಂಡ.

"ಇದೆ ಅಪ್ಪಾ."

"ಇರ್ಲಿ. ಕೊನೇ ಔಟ್ ಆಗದೆ ಎದ್ದು ಹೋಗೋದು ಮರ್ಯಾದೆ ಅಲ್ಲ."

ಆ ದಿನ ನಾವು ಸೋತೆವು, ಹತ್ತನೇ ಇನ್ನಿಂಗ್ಸಿನಲ್ಲಿ. ಮನೆ ತಲುಪುವ ಮುಂಚೆಯೇ ಬೀದಿಯ ತುದಿಗೆ ಸೀದ ವಾಸನೆ ಬರುತ್ತಿತ್ತು. ಲಾಲಾ ಅತ್ತೆ ಹಿತ್ತಲಿಂದ ಹೋಗಿ ಒಲೆ ಆರಿಸಿದ್ದಳು, ಆದರೆ ತಳ ಹತ್ತಿ ಕರಕಾಗಿತ್ತು. ಮೇಲಿನ ಕಾಳನ್ನು ಅನ್ನಕ್ಕೆ ಸುರಿದು, ಕೆಸುವಿನ ಗೆಡ್ಡೆ ಬೇಯಿಸಿ ಬಡಿಸಿದೆ. ಅಪ್ಪ ಆ ಸೀದ ಕಾಳನ್ನು ಬೈಯುತ್ತ ತಿಂದ. ನನ್ನನ್ನಲ್ಲ, ತಂಡದ ಮುಖ್ಯಸ್ಥನನ್ನು. ಎರಡನೇ ಸಲ ಹಾಕಿಸಿಕೊಂಡ. ಓವಿದಿಯೊ ಎದುರಿಗೆ ಕೂತು ಏನೂ ಅರ್ಥವಾಗದೆ ಹೂಂಗುಟ್ಟಿದ. ಅವನಿಗೆ ಕೆಲವು ನಿಯಮಗಳು ಇವತ್ತಿಗೂ ಅರ್ಥವಾಗಿಲ್ಲ. ಮೂವತ್ತು ವರ್ಷ ಕಂಬದ ಪಕ್ಕ ಕೂತರೂ ಹಕ್ಕಿ ಹಾರಿದರೆ ಹಕ್ಕಿ ನೋಡುತ್ತಾನೆ. ಅಪ್ಪ ಇದ್ದಷ್ಟು ಕಾಲ ಅವನ ಮೊಣಕೈಗೆ ತಿವಿದು, "ಕೆಳಗೆ ನೋಡೋ" ಎನ್ನುತ್ತಿದ್ದ. ಈಗ ಆ ಕೆಲಸ ನನ್ನದು.

ಊಟ ಮುಗಿಸಿ ಅಪ್ಪ ಕೈ ಒರೆಸಿಕೊಂಡ.

"ನಾಳೆ ಆಟ ಎರಡು ಗಂಟೆಗೆ. ಒಂದಕ್ಕೆಲ್ಲಾ ಸೈಕಲ್ ತಗೊಂಡು ಬಾ."

"ಮಳೆ ಬಂದ್ರೆ?" ಎಂದ ಓವಿದಿಯೊ.

"ಮಳೆ ಬಂದ್ರೆ ಕೊಡೆ ತಗೊಂಡು ಬಾ. ಮತ್ತೆ ಆ ಜೇಬು ಕಿತ್ತು ಬೇರೆ ಹಾಕ್ಸು, ನನಗೆ ನಾಚಿಕೆಯಾಗುತ್ತೆ."

ನಾನು ಅವರಿಬ್ಬರಿಗೂ ಬೆನ್ನು ಮಾಡಿ ನಿಂತು, ಕರಕಾದ ಪಾತ್ರೆಗೆ ಬೂದಿ ಹಾಕಿ ತಿಕ್ಕಲು ಶುರುಮಾಡಿದೆ. ಕಣ್ಣೀರು ಬರುತ್ತಿತ್ತು, ನಗುವೂ ಬರುತ್ತಿತ್ತು. ತಿಕ್ಕುತ್ತ ತಿಕ್ಕುತ್ತ ಒಬ್ಬೊಬ್ಬರಿಗೇ ಮನಸ್ಸಿನಲ್ಲಿ ಕೈಮುಗಿದೆ. ಚೆಂಡು ನುಂಗಿದ ಕಾರ್ಖಾನೆ ಹೊಂಡಕ್ಕೆ, ಗೆರೆಯಾಚೆ ಹೊಡೆದ ಆ ದಡ್ಡ ಬ್ಯಾಟ್ಸ್‌ಮನ್ನಿಗೆ, ನೆರಳು ಕೊಟ್ಟ ಕಂಬಕ್ಕೆ, ಗಂಜಿ ಎಂದು ಕೂಗಿದ ಕಡಲೆಕಾಯಿಯವನಿಗೆ, ಆಟ ಗೊತ್ತಿಲ್ಲದ ನನ್ನ ಓವಿದಿಯೊಗೆ. ಗೊತ್ತಿದ್ದರೆ ಅವನೂ ಎಲ್ಲರ ಹಾಗೆ ಚೆಂಡು ವಾಪಸು ಎಸೆದು ಸುಮ್ಮನೆ ಕೂರುತ್ತಿದ್ದ.

ಎಷ್ಟು ತಿಕ್ಕಿದರೂ ಆ ಪಾತ್ರೆಯ ತಳದ ಕಪ್ಪು ಹೋಗಲಿಲ್ಲ. ಈಗ ಒಲೆಯ ಮೇಲಿರುವುದೂ ಅದೇ. ಕಾಳು ಇನ್ನೊಂದು ಕುದಿ ಬರಬೇಕು, ಅಷ್ಟರಲ್ಲಿ ಓವಿದಿಯೊ ಪಾರಿವಾಳಗಳಿಗೆ ನೀರಿಟ್ಟು ಕೆಳಗೆ ಬರುತ್ತಾನೆ. ಇವತ್ತು ಆಟ ಎರಡು ಗಂಟೆಗೆ. ಉರಿ ಆರಿಸಿಯೇ ಹೊರಡಬೇಕು.